ಲಿಂಬಾಖ್ ಅಥವಾ ರೋಟ್ಯಾಕ್ಸ್: ಮೋಟಾರ್ ಗ್ಲೈಡರ್‌ನ ಎಂಜಿನ್ ಆರೈಕೆ ಮತ್ತು ವೇಗದ ಮಿತಿಗಳು

ಒಲೆ ಹಚ್ಚಿ, ಎಸರು ಕುದಿಯುವ ಮುಂಚೆ ಆರಿಸಿ, ಮತ್ತೆ ಹಚ್ಚಿದರೆ ಹೇಗೋ, ಮೋಟಾರ್ ಗ್ಲೈಡರ್‌ನ, ಅಂದರೆ ಸ್ವಂತ ಎಂಜಿನ್ನಿನಿಂದ ಮೇಲೇರಿ ಆಮೇಲೆ ಅದನ್ನು ನಿಲ್ಲಿಸಿ ಗಾಳಿಯಲ್ಲಿ ತೇಲುವ ವಿಮಾನದ, ಎಂಜಿನ್ನಿನ ಬಾಳು ಹಾಗೆ. ಹತ್ತು ನಿಮಿಷ ಪೂರ್ತಿ ಶಕ್ತಿಯಲ್ಲಿ ಮೇಲೇರುವುದು, ಒಂದು ಗಂಟೆ ತಣ್ಣನೆಯ ಗಾಳಿಯಲ್ಲಿ ಸುಮ್ಮನಿರುವುದು, ಆಮೇಲೆ ಕರೆದ ಕೂಡಲೇ ಎದ್ದು ದುಡಿಯುವುದು. ದಿನವಿಡೀ ಒಂದೇ ಲಯದಲ್ಲಿ ಓಡುವ ತರಬೇತಿ ವಿಮಾನದ ಎಂಜಿನ್ ಗಂಟೆಗಳ ಲೆಕ್ಕದಲ್ಲಿ ಸವೆಯುತ್ತದೆ. ಇಲ್ಲಿ ಸವೆತ ಬರುವುದು ಸ್ಟಾರ್ಟ್‌ಗಳ ಲೆಕ್ಕದಲ್ಲಿ. ಲಿಂಬಾಖ್, ರೋಟ್ಯಾಕ್ಸ್ ಎಂಬ ಎರಡು ಎಂಜಿನ್‌ಗಳನ್ನು ಹೋಲಿಸುವಾಗ ಲಾಗ್‌ಬುಕ್ಕಿನ ಗಂಟೆಗಳನ್ನಷ್ಟೇ ನೋಡಿದರೆ ತೀರ್ಮಾನ ತಪ್ಪುತ್ತದೆ.

ಹೋಲಿಕೆಗೆ ಅನುಕೂಲವಾದ ವಿಮಾನಗಳು ಎರಡಿವೆ. ಜರ್ಮನಿಯ ಶೈಬೆ ಎಸ್‌ಎಫ್-25ಸಿ ಫಾಲ್ಕೆ ಮೊದಲು ಲಿಂಬಾಖ್ ಎಂಜಿನ್ನಿನೊಂದಿಗೆ, ಮುಂದೆ ರೋಟ್ಯಾಕ್ಸ್ 912ರೊಂದಿಗೆ ಬಂತು. ಆಸ್ಟ್ರಿಯದ ಡಿಮೋನಾ ಕುಟುಂಬದ್ದೂ ಅದೇ ಕಥೆ: 1980ರಲ್ಲಿ ಮೊದಲು ಹಾರಿದ ಎಚ್36ರಲ್ಲಿ 80 ಅಶ್ವಶಕ್ತಿಯ ಲಿಂಬಾಖ್ 2000, ನಂತರದ ಎಚ್‌ಕೆ36 ಸೂಪರ್ ಡಿಮೋನಾದ ಬಹುಪಾಲು ಮಾದರಿಗಳಲ್ಲಿ ರೋಟ್ಯಾಕ್ಸ್. ಒಂದೇ ಮನೆತನದ ರೆಕ್ಕೆ, ಮೂತಿಯಲ್ಲಿ ಮಾತ್ರ ಬೇರೆ ಎಂಜಿನ್. ಎರಡನ್ನೂ ಬಳಸಿ ನೋಡಿದಾಗ ವ್ಯತ್ಯಾಸ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೈಕಟ್ಟು

ಲಿಂಬಾಖ್‌ನ ಮೂಲ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್. ನಾಲ್ಕು ಸಿಲಿಂಡರ್, ಪೂರ್ತಿ ಗಾಳಿಯಿಂದಲೇ ತಂಪು, ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೆ. 2000 ಮಾದರಿ 80 ಅಶ್ವಶಕ್ತಿ ಕೊಡುವುದು 3400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು). ರೋಟ್ಯಾಕ್ಸ್ 912 ಎ ಅದೇ 80 ಅಶ್ವಶಕ್ತಿಯನ್ನು 1211 ಸಿಸಿಯಿಂದ 5800 ಆರ್‌ಪಿಎಂನಲ್ಲಿ ತೆಗೆಯುತ್ತದೆ. ನಿರಂತರ ಮಿತಿ 5500, ಅದಕ್ಕಿಂತ ಮೇಲೆ 5 ನಿಮಿಷ ಮಾತ್ರ. ಸಿಲಿಂಡರ್ ಹೆಡ್‌ಗೆ ಕೂಲಂಟ್ (ತಂಪು ಮಾಡುವ ದ್ರವ), ಸಿಲಿಂಡರ್‌ಗೆ ಗಾಳಿ, ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಗೇರ್‌ಬಾಕ್ಸ್. ಗೇರ್ ಅನುಪಾತ 2.27 ಇದ್ದಲ್ಲಿ ಎಂಜಿನ್ 5500ರಲ್ಲಿ ಓಡುವಾಗ ಪ್ರೊಪೆಲ್ಲರ್ ತಿರುಗುವುದು ಸುಮಾರು 2420 ಆರ್‌ಪಿಎಂ.

ಹಾರುವವನ ಅನುಭವ ಬೇರೆಯಾಗುವುದು ಈ ಗೇರ್‌ಬಾಕ್ಸಿನಿಂದ. 1.5 ಮೀಟರ್ ಪ್ರೊಪೆಲ್ಲರ್ 3400ರಲ್ಲಿ ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 267 ಮೀಟರ್. 1.7 ಮೀಟರ್‌ನದು 2420ರಲ್ಲಿ ತಿರುಗಿದರೆ ಸುಮಾರು 215. ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದಷ್ಟೂ ಕಡಿಮೆ ವೇಗದ ಏರಿಕೆಯಲ್ಲಿ ಎಳೆತ ಹೆಚ್ಚು, ಸದ್ದು ಕಡಿಮೆ. ಅಶ್ವಶಕ್ತಿ ಒಂದೇ ಇದ್ದರೂ ರೋಟ್ಯಾಕ್ಸ್ ಚೆನ್ನಾಗಿ ಏರುತ್ತದೆ ಅನ್ನಿಸುವುದು ಭ್ರಮೆಯಲ್ಲ, ಲೆಕ್ಕವೇ ಹಾಗಿದೆ.

ಸ್ಟಾರ್ಟ್‌ಗೆ ಮುಂಚೆ

ಲಿಂಬಾಖ್‌ನಲ್ಲಿ ಆಯಿಲ್ ನೋಡುವುದು ಸರಳ: ಡಿಪ್‌ಸ್ಟಿಕ್ ತೆಗೆ, ಒರೆಸು, ಮತ್ತೆ ಅದ್ದಿ ನೋಡು. ಹೆಚ್ಚು ಸಮಯ ಕೊಡಬೇಕಾದದ್ದು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದಕ್ಕೆ. ಇಗ್ನಿಷನ್ ಆಫ್ ಮಾಡಿ, ಚಕ್ರಕ್ಕೆ ಚಾಕ್ (ಅಡ್ಡಗಟ್ಟೆ) ಕೊಟ್ಟು, ಎರಡು ಸುತ್ತು ಪೂರ್ತಿ ತಿರುಗಿಸಿದರೆ ನಾಲ್ಕೂ ಸಿಲಿಂಡರ್‌ಗಳ ಒತ್ತಡ ಒಂದೊಂದಾಗಿ ಕೈಗೆ ಸಿಗುತ್ತದೆ. ಒಂದು ಕಡೆ ಮೆತ್ತಗೆ ಜಾರಿದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದೇ ಮೊದಲ ಅನುಮಾನ. ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊದ (ಬ್ಯಾಟರಿಯಿಲ್ಲದೆ ಕಿಡಿ ಹುಟ್ಟಿಸುವ ಸಾಧನದ) ಅರ್ತಿಂಗ್ ತಂತಿ ಕಿತ್ತಿದ್ದರೆ ಎಂಜಿನ್ ಜೀವಂತವಾಗಿಯೇ ಇರುತ್ತದೆ. ಪ್ರೊಪೆಲ್ಲರ್ ಮುಟ್ಟುವಾಗಲೆಲ್ಲ ಅದು ಈಗಲೇ ತಿರುಗಬಹುದು ಎಂದುಕೊಂಡೇ ನಿಲ್ಲಬೇಕು.

ರೋಟ್ಯಾಕ್ಸ್‌ನಲ್ಲಿ ಆಯಿಲ್ ಇರುವುದು ಪ್ರತ್ಯೇಕ ಟ್ಯಾಂಕಿನಲ್ಲಿ. ವಿಮಾನ ರಾತ್ರಿಯಿಡೀ ನಿಂತಿದ್ದರೆ ಒಂದಷ್ಟು ಆಯಿಲ್ ಎಂಜಿನ್ನಿನ ತಳಕ್ಕೆ ಇಳಿದಿರುತ್ತದೆ. ಆಗ ಡಿಪ್‌ಸ್ಟಿಕ್ ಕಡಿಮೆ ತೋರಿಸುತ್ತದೆ, ಗೊತ್ತಿಲ್ಲದವರು ಅರ್ಧ ಲೀಟರ್ ಸುರಿದುಬಿಡುತ್ತಾರೆ, ಮುಂದಿನ ಹಾರಾಟದಲ್ಲಿ ಹೆಚ್ಚಾದದ್ದು ಬ್ರೀದರ್ ಕೊಳವೆಯಿಂದ ವಿಮಾನದ ಹೊಟ್ಟೆಗೆಲ್ಲ ಬಳಿದುಕೊಳ್ಳುತ್ತದೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ, ಟ್ಯಾಂಕಿನೊಳಗೆ ಗುಳುಗುಳು ಸದ್ದು ಕೇಳುವ ತನಕ ಬಿಡಬಾರದು. ಆಮೇಲೆ ನೋಡಿದ್ದೇ ನಿಜವಾದ ಮಟ್ಟ. ಡಿಪ್‌ಸ್ಟಿಕ್ಕಿನ ಕನಿಷ್ಠ, ಗರಿಷ್ಠ ಗುರುತುಗಳ ನಡುವೆ ಇರುವುದು 0.45 ಲೀಟರ್ ಮಾತ್ರ. ಹಿಮ್ಮುಖವಾಗಿ ತಿರುಗಿಸಲೇಬಾರದು, ಆಯಿಲ್ ಪಂಪ್ ಗಾಳಿ ಎಳೆದುಕೊಂಡು ಅದು ವಾಲ್ವ್ ತೆರೆಯಲು ತಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೆ ಸೇರಿದರೆ ಕಟಕಟ ಸದ್ದಿನಿಂದ ಶುರುವಾಗಿ ವಾಲ್ವ್ ಭಾಗಗಳ ಸವೆತಕ್ಕೆ ಹೋಗುತ್ತದೆ.

ಬಿಸಿ ಮಾಡುವ ಕ್ರಮ ರೋಟ್ಯಾಕ್ಸ್‌ನಲ್ಲಿ ಖಚಿತವಾಗಿದೆ. 2000 ಆರ್‌ಪಿಎಂನಲ್ಲಿ ಸುಮಾರು 2 ನಿಮಿಷ, ಆಮೇಲೆ 2500ರಲ್ಲಿ ಆಯಿಲ್ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ. 4000ರಲ್ಲಿ ಎರಡೂ ಇಗ್ನಿಷನ್‌ಗಳ ಪರೀಕ್ಷೆ: ಒಂದನ್ನು ಆಫ್ ಮಾಡಿದಾಗ ಇಳಿತ 300ನ್ನು ದಾಟಬಾರದು, ಎರಡರ ಇಳಿತಗಳ ನಡುವಿನ ವ್ಯತ್ಯಾಸ 115ನ್ನು ದಾಟಬಾರದು. ಐಡಲ್ (ಥ್ರಾಟಲ್ ಪೂರ್ತಿ ಇಳಿಸಿದಾಗ ಎಂಜಿನ್ ತಿರುಗುವ ವೇಗ) 1400ಕ್ಕಿಂತ ಕೆಳಗೆ ಇಳಿಸಿದರೆ ಗೇರ್‌ಬಾಕ್ಸ್ ಕೆಟ್ಟದಾಗಿ ಗಡಗಡಿಸುತ್ತದೆ. ಸದ್ದು ಕಡಿಮೆಯಾಗಲಿ ಎಂದು ಐಡಲ್ ಸ್ಕ್ರೂ ತಗ್ಗಿಸುವವರು ಗೇರ್ ಹಲ್ಲುಗಳನ್ನೇ ಸವೆಸುತ್ತಿರುತ್ತಾರೆ. ಹಳೆಯ ಲಿಂಬಾಖ್‌ಗಳಲ್ಲಿ ಬಹಳಷ್ಟಕ್ಕೆ ಮ್ಯಾಗ್ನೆಟೊ ಒಂದೇ. ಹಾಗಾಗಿ ಹೋಲಿಸಿ ನೋಡುವ ಈ ಪರೀಕ್ಷೆಯೇ ಅಲ್ಲಿಲ್ಲ. ನಮ್ಮ ಕಣ್ಣಿಗೆ ಲಿಂಬಾಖ್‌ನ ದೊಡ್ಡ ಕೊರತೆ ಇದು.

ಆಯಿಲ್, ನೀರು, ಸವೆತ

ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯಲ್ಲಿ ಒಂದಂಶ ಪಿಸ್ಟನ್ ದಾಟಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ಸಾಕಷ್ಟು ಬಿಸಿಯಾದರೆ ಅದು ಆರಿಹೋಗುತ್ತದೆ. ಇಲ್ಲವಾದರೆ ಆಮ್ಲವಾಗಿ ಕ್ಯಾಮ್‌ಶಾಫ್ಟನ್ನೂ ಟ್ಯಾಪೆಟ್ ಮುಖಗಳನ್ನೂ ತಿನ್ನುತ್ತದೆ. ಹಾರಾಟದ ದಿನದಲ್ಲಿ ಒಮ್ಮೆಯಾದರೂ ಆಯಿಲ್ 100 ಡಿಗ್ರಿ ಮುಟ್ಟಲೇಬೇಕು ಎಂದು ರೋಟ್ಯಾಕ್ಸ್ ಹೇಳುವುದು ಇದಕ್ಕೇ. ಮೋಟಾರ್ ಗ್ಲೈಡರ್‌ನಲ್ಲಿ ಇದು ತಾನಾಗಿ ಆಗುವುದಿಲ್ಲ. ಎಂಟು ನಿಮಿಷ ಏರಿ ಎಂಜಿನ್ ನಿಲ್ಲಿಸಿದರೆ ಆಯಿಲ್ 80–85ಕ್ಕೇ ನಿಂತಿರುತ್ತದೆ. ಚಳಿಗಾಲದಲ್ಲಿ ಆಯಿಲ್ ಕೂಲರ್‌ಗೆ ಅರ್ಧ ಟೇಪ್ ಹಾಕುವುದು, ದಿನದ ಕೊನೆಯ ಹಾರಾಟದಲ್ಲಿ 20 ನಿಮಿಷ ಕ್ರೂಸ್ ಶಕ್ತಿಯಲ್ಲಿ ಹಾರುವುದು, ಇವೆರಡೂ ಖರ್ಚಿಲ್ಲದ ಔಷಧಿ. ಟೇಪ್ ಹಾಕಿದ ದಿನ ಆಯಿಲ್ ತಾಪದ ಮೇಲೆ ಕಣ್ಣಿಟ್ಟಿರಬೇಕು: ಸಾಮಾನ್ಯ ವ್ಯಾಪ್ತಿ 90ರಿಂದ 110, ಕೆಂಪು ಗೆರೆ 912 ಎ ಮಾದರಿಗೆ 140, 100 ಅಶ್ವಶಕ್ತಿಯ 912 ಎಸ್‌ಗೆ 130.

ರೋಟ್ಯಾಕ್ಸ್‌ಗೆ ಸಾಮಾನ್ಯ ಏವಿಯೇಷನ್ ಆಯಿಲ್ ಒಗ್ಗುವುದಿಲ್ಲ. ಅದೇ ಆಯಿಲ್ ಗೇರ್‌ಬಾಕ್ಸಿಗೂ ಹೋಗುವುದರಿಂದ ಗೇರ್‌ಗೆ ಬೇಕಾದ ಸೇರ್ಪಡೆಗಳಿರುವ ಆಯಿಲ್ ಬೇಕು. ಒಳಗೆ ಸ್ಲಿಪ್ಪರ್ ಕ್ಲಚ್ (ಹೊರೆ ಮೀರಿದಾಗ ಜಾರುವ ಕ್ಲಚ್) ಇರುವುದರಿಂದ ಘರ್ಷಣೆ ತಗ್ಗಿಸುವ ಸೇರ್ಪಡೆ ಇರಬಾರದು. ಬದಲಿಸುವುದು 100 ಗಂಟೆಗೊಮ್ಮೆ; ಸೀಸವಿರುವ ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಹೆಚ್ಚು ಬಳಸುವವರು 50 ಗಂಟೆಗೆ. ಪ್ರತಿ ಬದಲಾವಣೆಯಲ್ಲೂ ಮ್ಯಾಗ್ನೆಟಿಕ್ ಪ್ಲಗ್ ಬಿಚ್ಚಿ ನೋಡಬೇಕು. ತೆಳು ಕಪ್ಪು ಪೇಸ್ಟ್ ಸಹಜ, ಚೂಪಾದ ಚೂರು ಸಿಕ್ಕರೆ ವಿಮಾನ ನೆಲದ ಮೇಲೇ ಉಳಿಯಬೇಕು. ಆಯಿಲ್ ಪೈಪ್ ಬಿಚ್ಚಿದ್ದರೆ ಸ್ಪಾರ್ಕ್ ಪ್ಲಗ್ ತೆಗೆದು ಒತ್ತಡ ಬರುವವರೆಗೆ ಪ್ರೊಪೆಲ್ಲರ್ ತಿರುಗಿಸಿ ಗಾಳಿ ಹೊರಹಾಕದೆ ಸ್ಟಾರ್ಟ್ ಮಾಡಲೇಬಾರದು.

ಲಿಂಬಾಖ್‌ನಲ್ಲಿ ಗೇರ್‌ಬಾಕ್ಸಿನ ಗೋಜಿಲ್ಲ, ಕೂಲಂಟ್ ಇಲ್ಲ, ಎರಡು ಕಾರ್ಬ್ಯುರೇಟರ್‌ಗಳನ್ನು ಸಮ ಮಾಡುವ ಕೆಲಸವೂ ಇಲ್ಲ. ಬದಲಿಗೆ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದು, ನೋಡುವ ಕೆಲಸ ಇದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಫೀಲರ್ ಗೇಜ್‌ನಿಂದ ಅಳೆದು, ಸಿಲಿಂಡರ್‌ವಾರು ಬರೆದಿಡಬೇಕು. ಸರಿಮಾಡಿ ಮರೆತರೆ ಸಾಲದು. ಒಂದೇ ಎಕ್ಸಾಸ್ಟ್ ವಾಲ್ವಿನ ಸಂದು ಪ್ರತಿ ಸಲ ಕಿರಿದಾಗುತ್ತಿದ್ದರೆ ಆ ವಾಲ್ವ್ ಹಿಗ್ಗುತ್ತಿದೆ, ಇಲ್ಲವೇ ಸೀಟ್ ಒಳಗೆ ಕೂರುತ್ತಿದೆ. ವಾಲ್ವಿನ ತಲೆ ಮುರಿದು ಸಿಲಿಂಡರಿನೊಳಗೆ ಬೀಳುವ ಮುಂಚೆ ಸಿಗುವ ಎಚ್ಚರಿಕೆ ಬಹುತೇಕ ಇದೊಂದೇ. ಪುಶ್‌ರಾಡ್ ಕೊಳವೆಗಳ ಬುಡದಲ್ಲಿ ಆಯಿಲ್ ಜಿನುಗುವುದು ಬೀಟಲ್ ಕಾಲದಿಂದಲೂ ಬಂದ ಗುಣ; ಒರೆಸಿ, ಜಾಸ್ತಿಯಾಗುತ್ತಿದೆಯೇ ಎಂದು ಗಮನಿಸಿದರೆ ಸಾಕು.

ಗಾಳಿಯಲ್ಲಿ ನಿಲ್ಲಿಸಿ, ಮತ್ತೆ ಹಚ್ಚುವುದು

ಪೂರ್ತಿ ಶಕ್ತಿಯಲ್ಲಿ ಏರಿದ ಲಿಂಬಾಖನ್ನು ಥಟ್ಟನೆ ನಿಲ್ಲಿಸಿದರೆ ಸಿಲಿಂಡರ್ ಹೆಡ್ ಬೇಗ ಕುಗ್ಗುತ್ತದೆ, ಬಿರುಕು ಬಿಡುವುದು ಪ್ಲಗ್ ಮತ್ತು ವಾಲ್ವ್ ಸೀಟಿನ ನಡುವೆ. ಮೂತಿ ಸಮ ಮಾಡಿ, ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಹೆಡ್ ತಾಪ ಇಳಿದು ನಿಂತ ಮೇಲೆ ಇಗ್ನಿಷನ್ ಆಫ್. ಅಷ್ಟಕ್ಕೆ ಎರಡು ಮೂರು ನಿಮಿಷ ಬೇಕು. ಎಂಜಿನ್ ನಿಂತ ಮೇಲೆ ಡಿಮೋನಾದಲ್ಲಿ ಕೌಲ್ ಫ್ಲ್ಯಾಪ್ (ಎಂಜಿನ್ ಮುಸುಕಿನ ಗಾಳಿ ಬಾಗಿಲು) ಮುಚ್ಚಿದರೆ ಬಿಸಿ ನಿಧಾನವಾಗಿ ಆರುತ್ತದೆ. ರೋಟ್ಯಾಕ್ಸ್‌ನ ಕೂಲಂಟ್ ಈ ಏರಿಳಿತವನ್ನು ತಾನೇ ಮೆತ್ತಗೆ ಮಾಡುತ್ತದೆ. ಪದೇಪದೇ ನಿಲ್ಲಿಸಿ ಹಚ್ಚುವ ಕ್ಲಬ್ಬಿಗೆ ರೋಟ್ಯಾಕ್ಸೇ ಸರಿ ಎಂದು ನಾವು ಹೇಳುವುದಕ್ಕೆ ಮುಖ್ಯ ಕಾರಣ ಇದು.

ಮರುಸ್ಟಾರ್ಟ್‌ನಲ್ಲಿ ಮಾತ್ರ ಲಿಂಬಾಖ್‌ಗೆ ಒಂದು ಹೆಚ್ಚಿನ ದಾರಿ ಇದೆ. ಬ್ಯಾಟರಿ ಸತ್ತಿದ್ದರೂ, ಫೆದರ್ ಆಗದ (ಅಲಗುಗಳ ಅಂಚನ್ನು ಗಾಳಿಗೆ ನೇರವಾಗಿ ತಿರುಗಿಸಲಾಗದ) ಪ್ರೊಪೆಲ್ಲರ್ ಇದ್ದರೆ ಮೂತಿ ತಗ್ಗಿಸಿ ವೇಗ ಹೆಚ್ಚಿಸಿ ಗಾಳಿಯಿಂದಲೇ ತಿರುಗಿಸಬಹುದು. ಅದಕ್ಕೆ ನೂರಾರು ಮೀಟರ್ ಎತ್ತರ ಖರ್ಚಾಗುತ್ತದೆ. ರೋಟ್ಯಾಕ್ಸ್‌ನ ಗೇರ್‌ಬಾಕ್ಸ್ ಮತ್ತು ಕಂಪ್ರೆಷನ್ ಸೇರಿ ಹಾಗೆ ತಿರುಗಿಸುವುದು ಬಲು ಕಷ್ಟ. ಅದರ ಇಗ್ನಿಷನ್‌ಗೆ ಬ್ಯಾಟರಿ ಬೇಡ ನಿಜ, ಆದರೆ ಕಿಡಿ ಹುಟ್ಟಲು ಕ್ರ್ಯಾಂಕ್ 220 ಆರ್‌ಪಿಎಂ ತಿರುಗಲೇಬೇಕು. ಹಾಗಾಗಿ ರೋಟ್ಯಾಕ್ಸ್ ಗ್ಲೈಡರ್‌ನಲ್ಲಿ ಬ್ಯಾಟರಿಯೇ ಪ್ರಾಣ. ಎರಡರಲ್ಲಿ ಯಾವುದಾದರೂ, ಇಳಿಯಬಹುದಾದ ಬಯಲು ಕೈಗೆಟಕುವಲ್ಲಿ ಇರುವಾಗಲೇ ಸ್ಟಾರ್ಟ್‌ಗೆ ಕೈ ಹಾಕಬೇಕು, ಎಂಜಿನ್ ಹತ್ತುವುದಿಲ್ಲ ಎಂದೇ ಲೆಕ್ಕ ಹಾಕಿರಬೇಕು. ಹತ್ತಿದ ಕೂಡಲೇ ಥ್ರಾಟಲ್ ಪೂರ್ತಿ ತಳ್ಳಬಾರದು. ಆಯಿಲ್ 50 ಡಿಗ್ರಿ ಆಗುವವರೆಗೆ ಎತ್ತರ ಉಳಿಸಿಕೊಳ್ಳುವಷ್ಟು ಶಕ್ತಿ ಸಾಕು.

ವೇಗದ ಗೆರೆಗಳು

ಸೂಪರ್ ಡಿಮೋನಾದ ಅಂಕಿಗಳನ್ನೇ ತೆಗೆದುಕೊಳ್ಳೋಣ. ಎಂದೂ ಮೀರಬಾರದ ವೇಗ ಗಂಟೆಗೆ 261 ಕಿ.ಮೀ., ಕುಲುಕುವ ಗಾಳಿಯಲ್ಲಿ ಮಿತಿ 210, ಕಂಟ್ರೋಲ್‌ಗಳನ್ನು ಪೂರ್ತಿ ಎಳೆಯಬಹುದಾದ ಮಿತಿ 176. 176ರ ಕೆಳಗೆ ಥಟ್ಟನೆ ಎಳೆದರೆ ರೆಕ್ಕೆ ಮುರಿಯುವ ಮುಂಚೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಅದರ ಮೇಲೆ ಆ ರಕ್ಷಣೆ ಇಲ್ಲ. 261ರ ಹತ್ತಿರ ಕಂಟ್ರೋಲ್‌ಗಳ ಚಲನೆ ಮೂರನೆಯ ಒಂದು ಭಾಗಕ್ಕೆ ಸೀಮಿತ. ಒಬ್ಬರೇ ಹಾರುವಾಗ ವಿಮಾನ ಹಗುರ, ಸ್ಟಾಲ್ ವೇಗ ಇಳಿಯುತ್ತದೆ, ಜೊತೆಗೆ ಈ 176ರ ರಕ್ಷಣೆಯೂ ಇನ್ನೂ ಕೆಳಗಿನ ವೇಗಕ್ಕೇ ಮುಗಿಯುತ್ತದೆ. ಹಗುರವಾದರೆ ಹೆಚ್ಚು ಸುರಕ್ಷಿತ ಎಂದುಕೊಳ್ಳುವುದು ತಪ್ಪು.

ಎತ್ತರದಲ್ಲಿ ಇನ್ನೊಂದು ಬಲೆ ಇದೆ. ಫ್ಲಟರ್ (ರೆಕ್ಕೆ, ಬಾಲವನ್ನು ಮುರಿಯಬಲ್ಲ ನಡುಕ) ಹುಟ್ಟುವುದು ಮುಖ್ಯವಾಗಿ ಗಾಳಿಯಲ್ಲಿ ವಿಮಾನದ ನಿಜವೇಗದ ಮೇಲೆ. ಮೀಟರ್ ತೋರಿಸುವುದು ಅದಲ್ಲ, ಎತ್ತರದ ತೆಳು ಗಾಳಿಯಲ್ಲಿ ಅದಕ್ಕಿಂತ ಕಡಿಮೆ. 3000 ಮೀಟರ್ ಎತ್ತರದಲ್ಲಿ ಮೀಟರ್ 261 ತೋರಿಸಿದರೆ ನಿಜವೇಗ ಸುಮಾರು 303. ಕೈಪಿಡಿಯಲ್ಲಿರುವ ಎತ್ತರವಾರು ಪಟ್ಟಿಯನ್ನು ಮೀಟರ್ ಪಕ್ಕದಲ್ಲೇ ಅಂಟಿಸಿರಬೇಕು.

ಎಂಜಿನ್ ಓಡುತ್ತಿರುವಾಗ ರೆಕ್ಕೆಯ ಮಿತಿಗಿಂತ ಮುಂಚೆ ಎಂಜಿನ್ನಿನ ಮಿತಿ ಬರುವುದುಂಟು. ಸ್ಥಿರ ಪಿಚ್‌ನ (ಅಲಗಿನ ಕೋನ ಬದಲಾಗದ), ಏರಿಕೆಗೆ ಹೊಂದಿಸಿದ ಪ್ರೊಪೆಲ್ಲರ್ ಇದ್ದರೆ ಮೂತಿ ತಗ್ಗಿಸಿ ಇಳಿಯುವಾಗ ಗಾಳಿಯೇ ಅದನ್ನು ಓಡಿಸುತ್ತದೆ. ರೋಟ್ಯಾಕ್ಸ್‌ನಲ್ಲಿ 5800 ದಾಟದಂತೆ ವೇಗವನ್ನೇ ಹಿಡಿಯಬೇಕು. ಲಿಂಬಾಖ್‌ನಲ್ಲಿ ಇದರ ಉಲ್ಟಾ ತೊಂದರೆ: ಏರುವಾಗ ವೇಗ ತೀರಾ ಕಡಿಮೆ, ತಂಪು ಗಾಳಿ ಸಾಲದು. ಹೆಡ್ ತಾಪ ಕೆಂಪಿನತ್ತ ಹೊರಟರೆ ಥ್ರಾಟಲ್ ಇಳಿಸುವ ಮುಂಚೆ ಮೂತಿ ತಗ್ಗಿಸಿ ಗಂಟೆಗೆ 10 ಕಿ.ಮೀ. ಹೆಚ್ಚಿಸಬೇಕು. ಏರಿಕೆ ಕಡಿಮೆಯಾಗುತ್ತದೆ, ಎಂಜಿನ್ ಉಳಿಯುತ್ತದೆ.

ಜಕ್ಕೂರಿನಂಥ ಸುಮಾರು 3,000 ಅಡಿ ಎತ್ತರದ ನೆಲದಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿಯ ಸಾಂದ್ರತೆ ಸುಮಾರು 1650 ಮೀಟರ್ ಎತ್ತರದ್ದಕ್ಕೆ ಸಮ. ಟರ್ಬೊ ಇಲ್ಲದ ಎರಡೂ ಎಂಜಿನ್‌ಗಳು ಅಲ್ಲಿ ಆರನೆಯ ಒಂದು ಭಾಗದಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಮೀಟರ್ ವೇಗ ಅದೇ ಇದ್ದರೂ ನೆಲ ಬಿಡುವಾಗಿನ ನಿಜವೇಗ ಶೇ. 8ರಷ್ಟು ಹೆಚ್ಚು. 65 ಅಶ್ವಶಕ್ತಿಯ ಹಳೆಯ ಫಾಲ್ಕೆಗೆ ಇಬ್ಬರನ್ನು ಕೂರಿಸಿಕೊಂಡು ಅಂಥ ಮಧ್ಯಾಹ್ನ ಏರಲು ನಾವು ಸಲಹೆ ಕೊಡುವುದಿಲ್ಲ.

ಪೆಟ್ರೋಲ್

ಎನ್‌ಸಿಸಿ ಏರ್ ವಿಂಗ್‌ನ ಪಿಪಿಸ್ಟ್ರೆಲ್ ವೈರಸ್ ಎಸ್‌ಡಬ್ಲ್ಯೂ 80 ವಿಮಾನದಲ್ಲಿ ಇರುವುದೂ 80 ಅಶ್ವಶಕ್ತಿಯ ರೋಟ್ಯಾಕ್ಸ್ 912. ಹಾಗಾಗಿ ಈ ಎಂಜಿನ್ ಭಾರತಕ್ಕೆ ಹೊಸದಲ್ಲ. ತೊಡಕು ಇಂಧನದ್ದು. 912ಕ್ಕೆ ಎಥನಾಲ್ ಮಿತಿ ಶೇ. 10, ನಮ್ಮ ಬಂಕ್‌ಗಳಲ್ಲಿ ಈಗ ವ್ಯಾಪಕವಾಗಿ ಸಿಗುವುದು ಶೇ. 20ರ ಇ20. ಸಂಶಯವಿದ್ದರೆ ಅಳತೆ ಗೆರೆಯಿರುವ 100 ಮಿ.ಲೀ. ಗಾಜಿನ ಕೊಳವೆಯಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ತಳದ ನೀರಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಅದು 28ರ ಹತ್ತಿರ ಬಂದರೆ ಇ20. ಆ ಪೆಟ್ರೋಲನ್ನು ಎರಡು ಎಂಜಿನ್‌ಗಳಲ್ಲಿ ಯಾವುದಕ್ಕೂ ಹಾಕಬೇಡಿ. ಹಳೆಯ ಲಿಂಬಾಖ್‌ನ ರಬ್ಬರ್ ಪೈಪ್, ಸೀಲ್‌ಗಳಿಗೆ ಅದು ಇನ್ನೂ ಕೆಟ್ಟದ್ದು. ರೋಟ್ಯಾಕ್ಸ್‌ನ ರಬ್ಬರ್ ಭಾಗಗಳಿಗೆ ಇಂಧನ ಯಾವುದೇ ಇರಲಿ, ಗಂಟೆ ಎಷ್ಟೇ ಕಡಿಮೆ ಓಡಿರಲಿ, ಆಯುಸ್ಸು 5 ವರ್ಷ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಂಟೆ ಮೀಟರ್ ನೋಡುವ ಮುಂಚೆ ಆ ಪೈಪ್‌ಗಳ ಮೇಲಿನ ತಾರೀಖು ಓದಬೇಕು, ಆಮೇಲೆ ಲಾಗ್‌ಬುಕ್ಕಿನಲ್ಲಿ ಸ್ಟಾರ್ಟ್‌ಗಳನ್ನು ಎಣಿಸಬೇಕು.