ಎರಡು ಬಾಟಲಿಯ ನೈಟ್ರೇಟ್ ಕಿಟ್: ಎರಡು ವರ್ಷ ಬಳಸಿದ ಮೇಲೆ

ಮೀನಿನ ಹೊಲಸು, ಉಳಿದ ತಿನಿಸು ಕೊಳೆತು ಕೊನೆಗೆ ಆಗುವುದು ನೈಟ್ರೇಟ್. ಟ್ಯೂಬಿನಲ್ಲಿ ಹಿಡಿದ ಟ್ಯಾಂಕಿನ ನೀರಿಗೆ ಎರಡು ಬಾಟಲಿಯ ಹನಿ ಹಾಕಿದರೆ ಅದು ಎಷ್ಟಿದೆ ಅಂತ ಬಣ್ಣದಿಂದ ಹೇಳುವ ಕಿಟ್ ಇದು. ತಂದ ಮೊದಲ ತಿಂಗಳಿಡೀ ಅದು 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಅಂತಲೇ ತೋರಿಸಿತು. ತಿಳಿ ಹಳದಿ ಬಣ್ಣ, ಮನಸ್ಸಿಗೆ ಸಮಾಧಾನ. ಟ್ಯಾಂಕಿನಲ್ಲಿ ಮಾತ್ರ ಗಪ್ಪಿಗಳು ರೆಕ್ಕೆ ಮುದುರಿಕೊಂಡು ಮೂಲೆ ಹಿಡಿದಿದ್ದವು, ಗಾಜಿಗೆ ವಾರಕ್ಕೊಮ್ಮೆ ಹಸಿರು ಪಾಚಿ ಹತ್ತುತ್ತಿತ್ತು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೀನಿನ ಅಂಗಡಿಯವರನ್ನು ಕೇಳಿದರೆ, "ಬಾಳ ತಿನಸ್ಲತ್ತೀರಿ ಸರ್" ಅಂದರು. ತಿನಿಸುವುದನ್ನು ಅರ್ಧ ಮಾಡಿದೆ. ಏನೂ ಬದಲಾಗಲಿಲ್ಲ.

ತಪ್ಪು ನನ್ನದೇ. ಎರಡನೇ ಬಾಟಲಿಯನ್ನು ಹಾಕುವ ಮೊದಲು ಅರ್ಧ ನಿಮಿಷ ಜೋರಾಗಿ ಅಲುಗಾಡಿಸಬೇಕು ಅಂತ ಕಾಗದದಲ್ಲಿ ಬರೆದಿತ್ತು. ನಾನು ಔಷಧಿ ಬಾಟಲಿಯ ಹಾಗೆ ಎರಡು ಸಲ ತಿರುವಿ ಹಾಕುತ್ತಿದ್ದೆ. ಆ ದ್ರವದ ತಳದಲ್ಲಿ ಲೋಹದ ಪುಡಿ ಕೂತಿರುತ್ತದೆ. ಅದು ನೈಟ್ರೇಟನ್ನು ನೈಟ್ರೈಟ್ ಅನ್ನುವ ಇನ್ನೊಂದು ರೂಪಕ್ಕೆ ಇಳಿಸಿದರೆ ಮಾತ್ರ ಬಣ್ಣ ಬರುವುದು. ಪುಡಿ ತಳದಲ್ಲೇ ಉಳಿದರೆ ಎಷ್ಟೇ ಕೆಟ್ಟ ನೀರೂ ಹಳದಿಯಾಗಿಯೇ ಕಾಣುತ್ತದೆ. ಒಂದು ಭಾನುವಾರ ಬಾಟಲಿಯನ್ನು ಮೇಜಿಗೆ ಕುಟ್ಟಿ, ಕೈ ಸೋಲುವ ತನಕ ಅಲುಗಾಡಿಸಿ ಹಾಕಿದೆ. ಟ್ಯೂಬು ಒಂದು ನಿಮಿಷ ಅಲುಗಾಡಿಸಿ, ಐದು ನಿಮಿಷ ಬಿಟ್ಟು ನೋಡಿದರೆ ಕುಂಕುಮದ ನೀರು.

ಈ ಕಿಟ್ಟಿನ ದೊಡ್ಡ ಕೊರತೆ ಗೊತ್ತಾಗಿದ್ದು ಆವತ್ತೇ. ಬಣ್ಣದ ಚೀಟಿಯಲ್ಲಿ 0, 5, 10, 20ರ ತನಕ ಹಳದಿಯಿಂದ ಕಿತ್ತಳೆಗೆ ಹೋಗುವುದು ಚೆನ್ನಾಗಿ ಕಾಣುತ್ತದೆ. 40, 80, 160 ಮೂರೂ ನನ್ನ ಕಣ್ಣಿಗೆ ಒಂದೇ ಕೆಂಪು. ಹೆಂಡತಿ 80 ಅಂದಳು, ಮಗ 40 ಅಂದ, ನಾನು ಟ್ಯೂಬ್‌ಲೈಟ್ ಆರಿಸಿ ಅಂಗಳಕ್ಕೆ ಒಯ್ದು ನೋಡಿದೆ, ಆಗಲೂ ತೀರ್ಮಾನವಾಗಲಿಲ್ಲ. ಕೊನೆಗೆ ಹೊಳೆದ ಉಪಾಯ ಇದು: ಟ್ಯಾಂಕಿನ ನೀರು ಒಂದು ಪಾಲು, ಮೂರು ಪಾಲು ಬಾಟಲಿಯ ಡಿಸ್ಟಿಲ್ಡ್ ನೀರು, ಸಿರಿಂಜಿನಲ್ಲಿ ಅಳೆದು ಬೆರೆಸಿ ಪರೀಕ್ಷೆ ಮಾಡುವುದು, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸುವುದು. 40 ಬಂತು. ಅಂದರೆ 160.

ನೀರು ಬದಲಿಸಿದೆ, ಒಮ್ಮೆಗೆ ಅರ್ಧ. 110 ಆಯಿತು. ಮುಂದಿನ ವಾರ ಮತ್ತೆ ಅರ್ಧ, 85ರ ಹತ್ತಿರ. ಮೂರನೇ ವಾರ 70ರ ಮೇಲೆಯೇ ನಿಂತಿತು. ಬಕೀಟು ಹೊತ್ತು ಸೊಂಟ ಹೋಯಿತು, ಅಂಕಿ ಇಳಿಯಲೊಲ್ಲದು. ಆಗ ಸಿಟ್ಟಿಗೆ ಬಕೀಟಿನಲ್ಲಿದ್ದ ಬೋರ್ ನೀರನ್ನೇ ಪರೀಕ್ಷೆ ಮಾಡಿದೆ. 60ರ ಆಸುಪಾಸು! ಮೀನು ಒಂದೂ ಇಲ್ಲದ ನೀರು ಅದು. 60 ಇರುವ ನೀರನ್ನು ಎಷ್ಟು ಸುರಿದರೂ ಟ್ಯಾಂಕು 60ಕ್ಕಿಂತ ಕೆಳಗೆ ಬರುವುದು ಹೇಗೆ? ಈ ಒಂದು ಪರೀಕ್ಷೆಗೇ ಕಿಟ್ಟಿನ ದುಡ್ಡು ತೀರಿತು ಅನ್ನುತ್ತೇನೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಂದರೆ ಈ ಕಿಟ್ಟಿನ ಲೆಕ್ಕದಲ್ಲಿ 45. ಸೇಡಂ ರಸ್ತೆಯಾಚೆ ನಮ್ಮ ಓಣಿಯಲ್ಲಿ ಪ್ರತಿ ಮನೆಗೊಂದು ಶೌಚದ ಗುಂಡಿ, ಅದರಿಂದ ಹತ್ತು ಹೆಜ್ಜೆಗೆ ಬೋರು. ಬೇರೆ ವಿವರಣೆ ನಾನು ಹುಡುಕಲಿಲ್ಲ.

ನಳದ ನೀರು, ಅಂದರೆ ಬೆಣ್ಣೆತೊರಾ, ಭೀಮಾ ಕಡೆಯಿಂದ ಬರುವುದು, ನೋಡಿದಾಗಲೆಲ್ಲ 10ರ ಒಳಗೇ. ಆದರೆ ಅದು ಬರುವುದು ದಿನ ಬಿಟ್ಟು ದಿನ, ಬಂದದ್ದೆಲ್ಲ ಕುಡಿಯುವ ಡ್ರಮ್ಮಿಗೆ. ಒಮ್ಮೆ ಅದರಿಂದ ಎರಡು ಬಕೀಟು ಎತ್ತಿದಾಗ ಅವ್ವ ಅಡ್ಡ ನಿಂತಳು: "ಮೀನಿಗಿ ನಳದ ನೀರು, ಮನಿ ಮಂದಿಗಿ ಬೋರಿನ ನೀರೇನೋ?" ಉತ್ತರ ಇರಲಿಲ್ಲ. ಹಾಗಾಗಿ ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ನೀರು ಮೂರು ಪಾಲು, ಬೋರು ಒಂದು ಪಾಲು. ಬೋರಿನ ನೀರೇ ಹಾಕುವ ನಮ್ಮ ಆರ್‌ಒದಿಂದ ಬರುವುದು 5 ಮತ್ತು 10ರ ನಡುವೆ, ಬೆರಕೆ 20ರ ಸುತ್ತಮುತ್ತ. ಬರೀ ಆರ್‌ಒ ಹಾಕಬೇಡಿ. ಗಪ್ಪಿಗೆ ಸ್ವಲ್ಪ ಗಡಸು ನೀರೇ ಬೇಕು, ಆ ಒಂದು ಪಾಲು ಬೋರು ಅದಕ್ಕಾಗಿ. ಬದಲಾವಣೆಯೂ ನಿಧಾನವಾಗಿ, ವಾರಕ್ಕೆ ಮೂರನೇ ಒಂದು ಪಾಲಿನಷ್ಟೇ. ಟ್ಯಾಂಕಿನ ಫಿಲ್ಟರಿನ ಮೇಲೆ ಮನಿಪ್ಲಾಂಟ್ ಬೇರು ಇಳಿಬಿಟ್ಟ ಮೇಲೆ ನನ್ನ ಟ್ಯಾಂಕು 30ರ ಹತ್ತಿರ ನಿಂತಿದೆ. ಫಿಲ್ಟರು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟಿಗೆ, ಅದನ್ನು ನೈಟ್ರೇಟಿಗೆ ತಂದು ನಿಲ್ಲಿಸುತ್ತದೆ, ಅದರಾಚೆ ನೈಟ್ರೇಟ್ ತೆಗೆಯುವ ಕೆಲಸ ನನ್ನದು ಮತ್ತು ಮನಿಪ್ಲಾಂಟಿನದು.

ಕಲಬುರಗಿಯ ಬೇಸಿಗೆ ಬೇರೆಯೇ ಲೆಕ್ಕ. ಮೇ ತಿಂಗಳಲ್ಲಿ ಫ್ಯಾನು ಹಚ್ಚಿಟ್ಟ ನನ್ನ 110 ಲೀಟರಿನ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರು ಆವಿಯಾಗುತ್ತದೆ. ನೀರು ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಇಳಿದ ಮಟ್ಟಕ್ಕೆ ಬೋರು ಸುರಿದರೆ ದಿನಕ್ಕೆ 120 ಮಿಲಿಗ್ರಾಂ, ತಿಂಗಳಿಗೆ 33 ಪಿಪಿಎಂ ಹತ್ತಿರ ಹೆಚ್ಚು, ಮೀನಿಗೆ ಒಂದು ಕಾಳೂ ತಿನಿಸದೆ. ಮೊದಲ ವರ್ಷ ಹಾಗೇ ಮಾಡಿದೆ. ಈಗ ಆವಿಯಾದಷ್ಟನ್ನು ಆರ್‌ಒದಿಂದ ಮಾತ್ರ ತುಂಬುತ್ತೇನೆ. ಅದರ ಬಿಸಾಡುವ ನೀರು ಬಚ್ಚಲಿಗೆ.

ಇನ್ನೊಂದು ಮಾತು, ಮೀನಿನದಲ್ಲ. ಎರಡು ಓಣಿ ಆಚೆ ಅಣ್ಣನ ಮನೆಯಲ್ಲಿ ನಾಲ್ಕು ತಿಂಗಳ ಕೂಸಿಗೆ ಡಬ್ಬಿ ಹಾಲು ಕಲಸುತ್ತಿದ್ದುದು ಬೋರ್ ನೀರಿನಲ್ಲಿ. ವೈನಿಗೆ ಹೇಳಿದರೆ, "ಹತ್ತು ನಿಮಿಷ ಕುದಿಸ್ತೀನಲ್ಲ, ಇನ್ನೇನ್ ಇರ್ತದ ಅದರಾಗ?" ಅಂದರು. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹಾಗೇ ಇರುತ್ತದೆ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಆರು ತಿಂಗಳ ಒಳಗಿನ ಕೂಸಿನ ರಕ್ತ ಆಮ್ಲಜನಕ ಒಯ್ಯುವುದನ್ನು ಅದು ತಡೆಯಬಲ್ಲದು, ಮೈ ನೀಲಿಗಟ್ಟುತ್ತದೆ. ಅವರ ಬೋರನ್ನೂ ನಾಲ್ಕು ಪಾಲು ಮಾಡಿ ನೋಡಿದೆ, 80. ಮೀನಿನ ಕಿಟ್ ನಂಬಿ ಕುಡಿಯುವ ನೀರಿನ ತೀರ್ಮಾನ ಮಾಡಬಾರದು, ಪ್ರಯೋಗಾಲಯಕ್ಕೆ ಕೊಡಿ ಅಂತಲೂ ಹೇಳಿದೆ. ವೈನಿ ಆ ಸಂಜೆಯಿಂದಲೇ ನಮ್ಮ ಆರ್‌ಒ ನೀರು ಒಯ್ಯತೊಡಗಿದರು.

ಸಣ್ಣ ದೂರುಗಳು: ಎರಡನೇ ಬಾಟಲಿಯ ಮೂತಿ ಪುಡಿ ಕಟ್ಟಿ ಮುಚ್ಚಿಕೊಳ್ಳುತ್ತದೆ, ಸೂಜಿಯಿಂದ ಬಿಡಿಸಬೇಕು. ಸೂಚನೆ ಇಂಗ್ಲಿಷಿನಲ್ಲಿ ಮಾತ್ರ, ಅಕ್ಷರ ಇರುವೆ ಗಾತ್ರ. ನೀರಿನಲ್ಲಿ ನೈಟ್ರೈಟ್ ಇದ್ದರೆ ಅದನ್ನೂ ನೈಟ್ರೇಟ್ ಅಂತಲೇ ಲೆಕ್ಕಕ್ಕೆ ಹಿಡಿಯುತ್ತದೆ, ಹೊಸ ಟ್ಯಾಂಕಿನವರು ಎಚ್ಚರ. ನೀರಿಗೆ ಅದ್ದಿ ಬಣ್ಣ ನೋಡುವ ಸ್ಟ್ರಿಪ್ ಬಳಸಿ ನೋಡಿದ್ದೇನೆ, ಕೆಲಸ ಬೇಗ, ನಂಬಿಕೆ ಕಡಿಮೆ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರನ್ನು ಪರೀಕ್ಷಿಸಿ ಹಳದಿ ಬರುತ್ತದಾ ನೋಡುತ್ತೇನೆ, ಬೋರ್ ನೀರನ್ನು ಪರೀಕ್ಷಿಸಿ ಕೆಂಪು ಬರುತ್ತದಾ ನೋಡುತ್ತೇನೆ. ಎರಡೂ ಬಂದರೆ ಬಾಟಲಿ ಇನ್ನೂ ಕೆಲಸ ಮಾಡುತ್ತಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಆ ಕೆಂಪು ಬಣ್ಣಗಳಿಗೆ. ಈಗಿರುವುದು ಎರಡನೇ ಕಿಟ್. ಅದರಲ್ಲಿ ಅರ್ಧದಷ್ಟು ಓಣಿಯವರ ಬೋರ್ ನೀರಿಗೇ ಖರ್ಚಾಗಿದೆ, ಬಿಸ್ಲೇರಿ ಬಾಟಲಿಯಲ್ಲಿ ನೀರು ತಂದು ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ.