ಮಂಡಿಪೇಟೆಯ ಓಣಿಯಲ್ಲೊಂದು ಸಿಆರ್‌ಟಿ ಮಾನಿಟರ್ ರಿಪೇರಿ ಅಂಗಡಿ

ಹಳೆಯ ಸಿಆರ್‌ಟಿ (ಗಾಜಿನ ಪಿಕ್ಚರ್ ಟ್ಯೂಬಿನ) ಮಾನಿಟರಿನ ಹಿಂಬದಿ ಬಿಚ್ಚಿ ನೋಡಲು ಒಪ್ಪುವ ಅಂಗಡಿ ದಾವಣಗೆರೆಯಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ. ಕಂಪ್ಯೂಟರ್ ಸರ್ವಿಸ್ ಎಂದು ಬೋರ್ಡು ಹಾಕಿಕೊಂಡವರಲ್ಲಿ ಹೆಚ್ಚಿನವರು ಲ್ಯಾಪ್‌ಟಾಪ್, ಪ್ರಿಂಟರ್ ಕೆಲಸ ಮಾತ್ರ ಮಾಡುತ್ತಾರೆ. ಗಾಜಿನ ಮಾನಿಟರ್ ಕಂಡರೆ ಗುಜರಿಯ ದಾರಿ ತೋರಿಸುತ್ತಾರೆ. ಮಂಡಿಪೇಟೆಯ ಒಳ ಓಣಿಯಲ್ಲಿರುವ, ಮೂಲತಃ ಟಿವಿ ರಿಪೇರಿಯದೇ ಆದ ಈ ಚಿಕ್ಕ ಅಂಗಡಿ ಅದಕ್ಕೆ ಅಪವಾದ. ನನ್ನ 15 ಇಂಚಿನ ಬಣ್ಣದ ಮಾನಿಟರನ್ನು ಅಲ್ಲಿ ಸರಿ ಮಾಡಿಸಿದ ಮೇಲೆ ನಾನು ಹೇಳಬಹುದಾದದ್ದು ಇಷ್ಟು: ಬಿಡಿಭಾಗ ಬದಲಿಸುವುದಕ್ಕೆ ಮೊದಲು ದೋಷ ಎಲ್ಲಿದೆ ಎಂದು ಅಲ್ಲಿ ಹುಡುಕುತ್ತಾರೆ, ಅದೊಂದೇ ಕಾರಣಕ್ಕೆ ಅಲ್ಲಿಗೆ ಹೋಗಬಹುದು. ಬಿಲ್ಲು, ಗಡುವು, ಗ್ಯಾರಂಟಿಗಳ ವಿಷಯದಲ್ಲಿ ಹೆಚ್ಚಿನ ನಿರೀಕ್ಷೆ ಬೇಡ.

ಈ ಕಾಲದಲ್ಲಿ ಇಂಥ ಮಾನಿಟರ್ ಏಕೆ ಬೇಕು ಎಂದು ಕೇಳುವವರಿಗೆ ಒಂದು ಮಾತು. ಕಂಪ್ಯೂಟರಿನ ಚಿತ್ರವನ್ನು ಮಾನಿಟರಿಗೆ ಕಳುಹಿಸುವ ವಿಜಿಎ ವ್ಯವಸ್ಥೆ 1987ರಲ್ಲಿ ಬಂದದ್ದು. ಅದರಲ್ಲಿ, ಹಳೆಯ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ನ ಅಕ್ಷರ ಪರದೆ 720×400 ಚುಕ್ಕಿಗಳದ್ದಾಗಿದ್ದು, ಸೆಕೆಂಡಿಗೆ 70 ಬಾರಿ ಮೂಡುತ್ತದೆ. ಎಲ್‌ಸಿಡಿಯು ಅದನ್ನು ತನ್ನ ನಿಗದಿತ ಚುಕ್ಕಿಗಳಿಗೆ ಹೊಂದುವಂತೆ ಹಿಗ್ಗಿಸುವುದರಿಂದ ಅಕ್ಷರದ ಅಂಚು ಮಸುಕಾಗುತ್ತದೆ. ಸಿಆರ್‌ಟಿಗೆ ಆ ಕಟ್ಟುಪಾಡಿಲ್ಲ. ನನ್ನ ಹಳೆಯ 486 ಕಂಪ್ಯೂಟರಿಗೆ ಅದೇ ತಕ್ಕ ಜೋಡಿ.

ಮಾನಿಟರಿನ ಕಾಯಿಲೆ ಹೀಗಿತ್ತು: ಸ್ವಲ್ಪ ಹೊತ್ತು ಸರಿಯಾಗಿ ಓಡಿ, ಬಿಸಿಯಾದ ಮೇಲೆ ಇಡೀ ಚಿತ್ರ ಪರದೆಯ ನಡುವೆ ಒಂದು ಅಡ್ಡಗೆರೆಯಾಗಿ ಕುಗ್ಗುತ್ತಿತ್ತು, ಪಕ್ಕಕ್ಕೆ ತಟ್ಟಿದರೆ ಮತ್ತೆ ಹಿಗ್ಗುತ್ತಿತ್ತು. ಬೇರೊಂದು ಅಂಗಡಿಯಲ್ಲಿ ಇದನ್ನು ತೆರೆಯದೆಯೇ ಪಿಕ್ಚರ್ ಟ್ಯೂಬ್ ಹೋಗಿದೆ ಎಂದು ತೀರ್ಪು ಕೊಟ್ಟಿದ್ದರು. ಇಲ್ಲಿನ ಹಿರಿಯ ಮೆಕ್ಯಾನಿಕ್ ಮಾನಿಟರನ್ನು ಚಾಲೂ ಮಾಡಿ, ಗೆರೆ ಕಾಣಿಸಿದ ಕೂಡಲೇ ಬ್ರೈಟ್‌ನೆಸ್ ಇಳಿಸಿದರು. ಎಲೆಕ್ಟ್ರಾನ್ ಕಿರಣವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತಿದ್ದರೆ ಅಲ್ಲಿನ ಫಾಸ್ಫರ್ ಲೇಪ ಸುಟ್ಟು ಶಾಶ್ವತ ಕಲೆ ಉಳಿಯುತ್ತದೆ. ಆಮೇಲೆ ಅವರು ಹೇಳಿದ ಮಾತು ನನಗೆ ಮೆಚ್ಚುಗೆಯಾಯಿತು: “ಟ್ಯೂಬ್ ಹೋಗಿಲ್ಲ ಸರ್. ಹೋಗಿದ್ರೆ ಗೆರೆ ಇಷ್ಟು ಬೆಳ್ಳಗೆ ಬರ್ತಿರ್ಲಿಲ್ಲ. ಎಲ್‌ಓಟಿನೂ ಚೆನ್ನಾಗೈತಿ.”

ಈ ತರ್ಕ ಸರಿಯಾದದ್ದೇ. ಟ್ಯೂಬಿಗೆ ಬೇಕಾದ 20 ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತು ಹುಟ್ಟುವುದು, ಕಿರಣವನ್ನು ಎಡದಿಂದ ಬಲಕ್ಕೆ ಓಡಿಸುವ ಹಾರಿಜಾಂಟಲ್ ವಿಭಾಗವೇ ನಡೆಸುವ ಎಲ್‌ಓಟಿ ಎಂಬ ಟ್ರಾನ್ಸ್‌ಫಾರ್ಮರಿನಲ್ಲಿ. ಗೆರೆ ಪರದೆಯ ಅಗಲಕ್ಕೂ ಬೆಳಗುತ್ತಿದೆ ಎಂದರೆ ಪವರ್ ಸಪ್ಲೈ, ಹಾರಿಜಾಂಟಲ್, ಎಲ್‌ಓಟಿ, ಟ್ಯೂಬ್ ಎಲ್ಲವೂ ಕೆಲಸ ಮಾಡುತ್ತಿವೆ ಎಂದೇ ಅರ್ಥ. ಉಳಿದದ್ದು ಕಿರಣವನ್ನು ಮೇಲೆ ಕೆಳಗೆ ಒಯ್ಯುವ ವರ್ಟಿಕಲ್ ವಿಭಾಗ ಒಂದೇ.

ಬಿಚ್ಚುವಾಗಿನ ಶಿಸ್ತನ್ನೂ ಹೇಳಬೇಕು. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆಯಾದ್ದರಿಂದ, ಟ್ಯೂಬಿನ ಹೊರಮೈಯ ಕಪ್ಪು ಲೇಪಕ್ಕೆ ತಾಗಿಕೊಂಡಿರುವ ಹೆಣೆದ ಅರ್ತ್ ತಂತಿಗೆ ವಯರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಉದ್ದನೆಯ ಸ್ಕ್ರೂಡ್ರೈವರಿಗೆ ಸುತ್ತಿ, ಹೈ ವೋಲ್ಟೇಜ್ ತಂತಿ ಟ್ಯೂಬಿಗೆ ಸೇರುವಲ್ಲಿನ ರಬ್ಬರ್ ಕ್ಯಾಪಿನ ಅಡಿಗೆ ತೂರಿಸಿ ಚಾರ್ಜ್ ಇಳಿಸಿದರು. ಒಂದು ಕೈ ಬೆನ್ನ ಹಿಂದೆ ಇತ್ತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಅದನ್ನೇ ಮಾಡಿದರು, ಏಕೆಂದರೆ ಒಮ್ಮೆ ಇಳಿಸಿದ ಚಾರ್ಜ್ ತುಸು ಮರಳಿ ಕಟ್ಟಿಕೊಳ್ಳುತ್ತದೆ. 300 ವೋಲ್ಟಿಗೂ ಹೆಚ್ಚು ಹಿಡಿದಿಟ್ಟುಕೊಳ್ಳುವ ಪವರ್ ಸಪ್ಲೈನ ದೊಡ್ಡ ಕೆಪಾಸಿಟರನ್ನೂ ಮರೆಯಲಿಲ್ಲ. ಇದನ್ನು ಓದಿ ಮನೆಯಲ್ಲೇ ಪ್ರಯತ್ನಿಸಲು ಯಾರೂ ಹೊರಡಬಾರದು. ಇದು ಜೀವಕ್ಕೆ ಅಪಾಯದ ಕೆಲಸ.

ಬೋರ್ಡಿನ ಅಡಿಯನ್ನು ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೆ ಕೂರಿಸಿದ, ವರ್ಟಿಕಲ್ ವಿಭಾಗವನ್ನು ನಡೆಸುವ ಐಸಿಯ (ಚಿಪ್ಪಿನ) ಎರಡು ಕಾಲುಗಳ ಸುತ್ತ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರದಂಥ ಬಿರುಕು. ವರ್ಷಗಟ್ಟಲೆ ಬಿಸಿಯಾಗಿ ತಣಿಯುತ್ತ ಬೆಸುಗೆ ಸಡಿಲವಾಗುವ ಈ ದೋಷವೇ ಟಿವಿ ಮೆಕ್ಯಾನಿಕ್‌ಗಳು ಹೇಳುವ ಡ್ರೈ ಸೋಲ್ಡರ್. ಹಳೆಯ ಬೆಸುಗೆಯನ್ನು ತೆಗೆದು ಹೊಸದಾಗಿ ಹಾಕಿದರು. ಆಗ ಚಿತ್ರ ಪೂರ್ತಿ ತೆರೆಯಿತಾದರೂ ಮೇಲ್ತುದಿ ಮಡಚಿಕೊಂಡಂತೆ ಕಂಡು, ಅಲ್ಲಿ ಬಿಳಿ ಗೆರೆಗಳು ಉಳಿದವು. ಅದಕ್ಕೆ ಕಾರಣ, ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಹೊತ್ತಿನಲ್ಲಿ ಐಸಿಗೆ ಹೆಚ್ಚುವರಿ ವೋಲ್ಟೇಜ್ ಒದಗಿಸುವ ಚಿಕ್ಕ ಕೆಪಾಸಿಟರ್. ಹೀಟ್‌ಸಿಂಕಿನ ಪಕ್ಕದಲ್ಲೇ ಇದ್ದುದರಿಂದ ಅದು ಒಣಗಿಹೋಗಿತ್ತು. 85 ಡಿಗ್ರಿಯ ಹಳೆಯದನ್ನು ತೆಗೆದು 105 ಡಿಗ್ರಿ ತಾಳುವ ಹೊಸದನ್ನು ಹಾಕಿದರು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇದು ವಿವೇಕದ ಆಯ್ಕೆ.

ಮೊದಲ ಬಾರಿ ಕರೆಂಟ್ ಕೊಡುವಾಗ 100 ವ್ಯಾಟಿನ ಸೀರೀಸ್ ಬಲ್ಬ್ ಮೂಲಕ ಕೊಟ್ಟರು, ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪ್ರಖರವಾಗಿ ಉರಿದು ತಿಳಿಸುತ್ತದೆ. ಅದಕ್ಕೂ ಮೊದಲು, ಪರದೆಗೆ ಹತ್ತಿದ ಕಾಂತತ್ವ ಕಳೆಯುವ ಡಿಗಾಸ್ ಕಾಯಿಲಿನ ಪ್ಲಗ್ ಕಿತ್ತಿಟ್ಟದ್ದು ನನ್ನ ಗಮನಕ್ಕೆ ಬಂತು. ಆ ಕಾಯಿಲ್ ಚಾಲೂ ಆದ ಕ್ಷಣದಲ್ಲಿ ಬಹಳ ಕರೆಂಟ್ ಎಳೆಯುವುದರಿಂದ, ಎಲ್ಲೂ ಶಾರ್ಟ್ ಇಲ್ಲದಿದ್ದರೂ ಬಲ್ಬ್ ಪ್ರಖರವಾಗಿ ಉರಿದು ದಾರಿ ತಪ್ಪಿಸುತ್ತದೆ. ಇಂಥ ಸೂಕ್ಷ್ಮ ತಿಳಿದವರ ಕೈಗೆ ಸಾಮಾನು ಕೊಟ್ಟರೆ ಚಿಂತೆಯಿಲ್ಲ.

ಇನ್ನು ಕೊರತೆಗಳು. ಕೆಲಸ ಮುಗಿದ ಕೂಡಲೇ ಮುಚ್ಚಳ ಹಾಕಿ ಕಳುಹಿಸುವ ಆತುರ ಅಲ್ಲಿದೆ. ಬಿಸಿಯಾದ ಮೇಲಷ್ಟೇ ಕಾಣಿಸುವ ದೋಷವನ್ನು ಐದು ನಿಮಿಷ ಓಡಿಸಿ ಸರಿಯಾಯಿತೆನ್ನಲಾಗದು. ನಾನು ಒತ್ತಾಯಿಸಿದ ನಂತರವೇ ಗಂಟೆಗಟ್ಟಲೆ ಓಡಲು ಬಿಟ್ಟರು. ಅವರಲ್ಲಿ ಪರೀಕ್ಷೆಗೆ ಇರುವುದು ಒಂದು ಹಳೆಯ ಲ್ಯಾಪ್‌ಟಾಪ್ ಮಾತ್ರ, ಅದರಿಂದ 70 ಹರ್ಟ್ಜ್‌ನ ಡಾಸ್ ಪರದೆ ಬರಲಿಲ್ಲ. ನಿಮ್ಮ ಸಿಪಿಯು ಜೊತೆಗೇ ಒಯ್ಯುವುದು ಮೇಲು. ಪರದೆ ಒರೆಸಲು ಹುಡುಗನೊಬ್ಬ ಥಿನ್ನರ್ ತಂದ. ಪ್ರತಿಫಲನ ತಡೆಯುವ ಲೇಪ ಹಾಳಾದೀತೆಂದು ನಾನೇ ತಡೆದೆ. 850 ರೂಪಾಯಿ ಕೊಟ್ಟದ್ದಕ್ಕೆ ಚೀಟಿ ಸಿಗಲಿಲ್ಲ, ಗ್ಯಾರಂಟಿಯೂ ಬಾಯಿಮಾತಿನದು. ಕೆಲಸದ ಗುಣಕ್ಕೆ ಹೋಲಿಸಿದರೆ ದರ ನ್ಯಾಯವಾದದ್ದೇ, ಆದರೆ ಮೊದಲೇ ಅಂದಾಜು ಹೇಳುವುದಿಲ್ಲ, ಕೇಳಿ ಹೇಳಿಸಿಕೊಳ್ಳಬೇಕು.

ಎಲ್‌ಓಟಿಯೇ ಸುಟ್ಟಿದ್ದರೆ ಅಲ್ಲಿಗೆ ಹೊತ್ತೊಯ್ದು ಹೆಚ್ಚು ಪ್ರಯೋಜನವಿಲ್ಲ. ನಮ್ಮ ಹಳೆಯ ಟಿವಿಗಳ ಹಾರಿಜಾಂಟಲ್ ವೇಗ 15,625 ಹರ್ಟ್ಜ್, ವಿಜಿಎ ಮಾನಿಟರಿನದು ಸುಮಾರು 31.5 ಕಿಲೋಹರ್ಟ್ಜ್, ಹಾಗಾಗಿ ಟಿವಿಯ ಎಲ್‌ಓಟಿ ಇದಕ್ಕೆ ಆಗುವುದಿಲ್ಲ. ಅದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿ ವಾಪಸ್ ಕಳುಹಿಸುತ್ತಾರೆ. ಅದೇ ಮಾದರಿಯ ಕೆಟ್ಟ ಮಾನಿಟರ್ ಇನ್ನೊಂದು ತಂದುಕೊಟ್ಟರೆ ಅದರಿಂದ ಬಿಡಿಸಿ ಹಾಕಿಕೊಡಲು ತಯಾರಿದ್ದಾರೆ. ಅಟ್ಟದಲ್ಲಿ ಅಂಥದ್ದು ಬಿದ್ದಿದ್ದರೆ ಗುಜರಿಯವರಿಗೆ ಕೊಡುವ ಮೊದಲು ಅವರನ್ನು ಒಂದು ಮಾತು ಕೇಳಬಹುದು. ಆಟೋದಲ್ಲಿ ಒಯ್ಯುವಾಗ ಪರದೆಯನ್ನು ಸೀಟಿನ ಮೆತ್ತೆಯ ಕಡೆಗೆ ತಿರುಗಿಸಿ ಇಡಿ, ಹಿಂಬದಿಯ ಮೇಲೆ ಭಾರ ಬೀಳದಿರಲಿ.