ಸುಪ್ಪಾಂಡಿಯೋ, ಶಿಕಾರಿ ಶಂಭುವೋ, ಡಿಂಗನೋ?

ಮಕ್ಕಳ ಪತ್ರಿಕೆ ಕೈಗೆ ಕೊಟ್ಟರೆ ನಮ್ಮ ಹುಡುಗರು ಮೊದಲು ತೆಗೆಯುವುದು ನಗೆ ಚಿತ್ರಕತೆಯ ಪುಟ. ನೀತಿಕತೆ, ಪದಬಂಧ, ಬಣ್ಣ ಹಚ್ಚುವ ಪುಟ ಎಲ್ಲ ಆಮೇಲೆ. ಬೇಸಿಗೆ ರಜೆಗೆ ಗಂಗಾವತಿಯ ನಮ್ಮನೆಗೆ ಅಕ್ಕನ ಮಕ್ಕಳು ಬರುತ್ತಾರೆ. ಪಕ್ಕದ ಮನೆಯವರೂ ಸೇರಿದರೆ ಪಡಸಾಲೆ ತುಂಬಾ ಗದ್ದಲ. ಆ ಬಿಸಿಲಲ್ಲಿ ಹೊರಗೆ ಆಡಲು ಬಿಡುವ ಹಾಗೂ ಇಲ್ಲ. ಟಿಂಕಲ್, ಚಂಪಕ, ಅಟ್ಟದ ಮೇಲಿದ್ದ ಹಳೇ ಬಾಲಮಂಗಳದ ಕಟ್ಟು, ಎಲ್ಲ ಹರವಿದೆ. ಯಾವುದಕ್ಕೆ ನಿಜವಾಗಿ ನಗ್ತಾರೆ ನೋಡೋಣ ಅಂತ. ಸುಮ್ನೆ ಹಲ್ಲು ಬಿಟ್ಟರೆ ಲೆಕ್ಕಕ್ಕಿಲ್ಲ. ಪಕ್ಕದವನನ್ನು ತಿವಿದು 'ಇಲ್ನೋಡು' ಅನ್ನಬೇಕು.

ಟಿಂಕಲ್ 1980ರಲ್ಲಿ ಶುರುವಾಯಿತು. ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರೇ. ಪೆದ್ದ ಆಳು ಸುಪ್ಪಾಂಡಿ ಅದರಲ್ಲಿ ಕಾಣಿಸಿಕೊಂಡದ್ದು 1983ರಲ್ಲಿ. ಬೇರು ತಮಿಳು ಜನಪದ ಕತೆಯದು, ಚಿತ್ರ ರಾಮ್ ವಾಯಿರ್ಕರ್ ಅವರದು. ನಮ್ಮಲ್ಲಿಗೆ ಬರುವುದು ಇಂಗ್ಲಿಷ್ ಟಿಂಕಲ್. ಇಂಗ್ಲಿಷ್ ಮೀಡಿಯಂ ಓದುವ ಪಕ್ಕದ ಮನೆ ಹುಡುಗ ಎದ್ದು ನಿಂತು ಪಾಠ ಒಪ್ಪಿಸುವ ಧಾಟಿಯಲ್ಲಿ ಓದಿದ. ಒಬ್ಬರೂ ನಗಲಿಲ್ಲ, ಅವನೂ ನಗಲಿಲ್ಲ. ಅದನ್ನೇ ನಮ್ಮ ಮಾತಲ್ಲಿ ಹೇಳಿದೆ ನೋಡಿ, ಬಿದ್ದು ಬಿದ್ದು ನಕ್ಕರು. ಸುಪ್ಪಾಂಡಿಯ ನಗೆ ಇರುವುದೇ ಮಾತಿನಲ್ಲಿ. ಯಜಮಾನ ಒಂದು ಹೇಳುತ್ತಾನೆ, ಇವನು ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ ಕೆಲಸ ಕೆಡಿಸುತ್ತಾನೆ. ಚಿತ್ರ ಮುಚ್ಚಿಟ್ಟು ಹೇಳಿದರೂ ನಡೆಯುತ್ತದೆ.

ಮೂರನೇ ಕ್ಲಾಸಿನ ಅಕ್ಕನ ಮಗಳು ಎರಡೇ ದಿನಕ್ಕೆ ತನ್ನದೇ ಸುಪ್ಪಾಂಡಿ ಕಟ್ಟತೊಡಗಿದಳು. 'ಬಾಗಲಾ ನೋಡ್ಕೊಂಡಿರು' ಅಂತ ಹೇಳಿ ಯಜಮಾನ ಊರಿಗೆ ಹೋಗುತ್ತಾನೆ. ಸುಪ್ಪಾಂಡಿಗೆ ಕೊಪ್ಪಳದ ಗವಿಮಠದ ಜಾತ್ರೆ ನೋಡುವ ಆಸೆ. ಬಾಗಿಲು ಕಿತ್ತು ತಲೆ ಮೇಲೆ ಹೊತ್ತುಕೊಂಡೇ ಹೊರಟ. ತೇರಿಗೆ ಉತ್ತತ್ತಿ ಎಸೆಯಬೇಕು ಅಂದರೆ ಕೈ ಖಾಲಿ ಇಲ್ಲ! ಬಾಗಿಲು ಹೊತ್ತವನ ಕತೆ ನಮ್ಮಜ್ಜಿ ಹೇಳುತ್ತಿದ್ದ ಪೆದ್ದನದು. ಜಾತ್ರೆ, ಉತ್ತತ್ತಿ ಮಾತ್ರ ಈ ಹುಡುಗಿಯದು. ಬೇರೆ ಯಾವ ಚಿತ್ರಕತೆಯೂ ಮಕ್ಕಳಿಂದ ಹೀಗೆ ಕತೆ ಹೊರಡಿಸಲಿಲ್ಲ.

ಶಿಕಾರಿ ಶಂಭು ಇದಕ್ಕೆ ಪೂರಾ ಉಲ್ಟಾ. ಬಾಯಲ್ಲಿ ಹೇಳಿದರೆ ಸಪ್ಪೆ, ಚಿತ್ರ ಕಣ್ಣ ಮುಂದೆ ಇರಲೇಬೇಕು. ಜಗತ್ತಿಗೆಲ್ಲ ದೊಡ್ಡ ಬೇಟೆಗಾರ, ಒಳಗೆ ಪುಕ್ಕಲ. ಪ್ರಾಣಿ ಸೆರೆ ಸಿಗುವುದು ಬರೀ ಅದೃಷ್ಟದಿಂದ. ಚಿತ್ರ ಬರೆದ ವಸಂತ ಹಳಬೆ ಅವನ ತಲೆಗೊಂದು ಟೋಪಿ ಹಾಕಿದರು, ಅದು ಕಣ್ಣನ್ನೇ ಮುಚ್ಚುತ್ತದೆ. ಇಡೀ ಮಜಾ ಅಲ್ಲಿದೆ ಅನ್ನುತ್ತೇನೆ ನಾನು. ಅವನಿಗೆ ಕಾಣದ್ದು ನಮಗೆ ಕಾಣುತ್ತದೆ, ಅಲ್ವಾ? ಅಂಗನವಾಡಿಗೆ ಹೋಗುವ ಚಿಕ್ಕವನಿಗೆ ಒಂದಕ್ಷರ ಬರುವುದಿಲ್ಲ. ಪೊದೆ ಹಿಂದಿನ ಪ್ರಾಣಿಯ ಮೇಲೆ ಬೆರಳಿಟ್ಟು 'ಚಿಗವ್ವಾ, ಹಿಂದ ಹುಲಿ ಐತಿ, ಅವಂಗ ಹೇಳು!' ಅಂತ ಕೂಗಿದ. ಶಂಭುವಿಗೆ ನಾನು ಹೇಳಬೇಕಂತೆ. ಅದೇ ಪುಟ ಮರುದಿನ ಮತ್ತೆ ತಂದ, ಮತ್ತೆ ಅಷ್ಟೇ ಜೋರಾಗಿ ಕೂಗಿದ. ಸುಪ್ಪಾಂಡಿಯ ಜೋಕು ಒಮ್ಮೆ ಗೊತ್ತಾದರೆ ಆ ಪುಟಕ್ಕೆ ಯಾರೂ ವಾಪಸ್ ಹೋಗುವುದಿಲ್ಲ. ನನ್ನ ಕೇಳಿದರೆ ಚಿತ್ರಕತೆ ಅಂತ ಶಂಭುವೇ ಒಂದು ಕೈ ಮೇಲು. ಅಕ್ಕನ ಮಗಳು ಇದನ್ನು ಸುತಾರಾಂ ಒಪ್ಪುವುದಿಲ್ಲ.

ಕಾಗೆ ಕಾಲಿಯಾನೂ ಟಿಂಕಲ್‌ನವನೇ. ಬುದ್ಧಿವಂತ ಕಾಗೆಗಿಂತ ಡೂಬ್ ಡೂಬ್ ಅನ್ನುವ ಪೆದ್ದ ಮೊಸಳೆಯೇ ಇವರಿಗೆ ಹಿಡಿಸಿತು. ಹೆಸರು ಕೇಳಿಯೇ ಅರ್ಧ ನಗು.

ಇನ್ನು ಬಾಲಮಂಗಳದ ಡಿಂಗ. ನನ್ನ ವಯಸ್ಸಿನವರ ಮುಂದೆ ಈ ಹೆಸರು ಎತ್ತಿದರೆ ಸಾಕು, ಶುರು ಹಚ್ಚಿಕೊಳ್ಳುತ್ತಾರೆ. ಮಲಯಾಳದಲ್ಲಿ ಹುಟ್ಟಿದ ಇಲಿ, ಬೆನ್ನಿಗೆ ಹೊದಿಕೆ, ಮೈಯಲ್ಲಿ ಅಸಾಧ್ಯ ಶಕ್ತಿ. ಇಲಿ ಹೋಗಿ ದೊಡ್ಡ ಪ್ರಾಣಿಗೆ ಬಾರಿಸುವುದೇ ತಮಾಷೆ. ಆದರೆ ಇವರಿಗೆ ಕತೆಯ ಜಾಡು ಬೇಗ ಸಿಕ್ಕಿಬಿಟ್ಟಿತು. ಯಾರಾದರೂ ಕಷ್ಟದಲ್ಲಿ ಸಿಕ್ಕಿಕೊಂಡ ಕೂಡಲೇ 'ಈಗ ಡಿಂಗ ಬರ್ತಾನ' ಅನ್ನುತ್ತಿದ್ದರು. ಬಂದೇ ಬರುತ್ತಿದ್ದ. ನಗುವಿಗಿಂತ ಚಪ್ಪಾಳೆ ಜಾಸ್ತಿ. ಪಕ್ಕದ ಮನೆ ಹುಡುಗನನ್ನು ಕರೆಯಲು ಬಂದ ಅವರಪ್ಪ ಮಾತ್ರ ಹೊಸ್ತಿಲ ಮೇಲೇ ಕೂತು ಓದತೊಡಗಿದರು. ಮಗ ಮನೆ ಸೇರಿ ಊಟ ಮುಗಿಸಿದರೂ ಇವರು ಏಳಲಿಲ್ಲ.

ತೆನಾಲಿ ರಾಮನ ಮೇಲೆ ನನಗೆ ಆಸೆ ಇತ್ತು. ಆನೆಗೊಂದಿ ನಮ್ಮ ತಾಲೂಕಿನದೇ, ಹೊಳೆ ದಾಟಿದರೆ ಹಂಪಿ, ಕೃಷ್ಣದೇವರಾಯನ ಹೆಸರು ಕೇಳದ ಹುಡುಗರಿಲ್ಲ. ನಡೆಯಲಿಲ್ಲ. ರಾಜ ಮಾತಾಡಿ, ಮಂತ್ರಿ ಮಾತಾಡಿ, ರಾಮ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕವನು ಎದ್ದು ಹೋಗಿದ್ದ.

ಕೊನೆಗೆ ಚಂಪಕದ ಚೀಕು. ಮೊಲ ಚೀಕು, ಇಲಿ ಮೀಕು, ಪುಟ್ಟ ಪುಟ್ಟ ಫಜೀತಿ. ಹೊಟ್ಟೆ ಹಿಡಿದು ನಗಿಸುವಂಥದ್ದಲ್ಲ, ಮೆಲ್ಲಗೆ ಮುಗುಳ್ನಗೆ ಬರುತ್ತದೆ. ನಾನೇ ಇಟ್ಟ ಪರೀಕ್ಷೆಯಲ್ಲಿ ಇವನಿಗೆ ಕಡಿಮೆ ಅಂಕ. ಆದರೆ ಅಚ್ಚಾಗಿರುವುದು ಕನ್ನಡದಲ್ಲಿ, ಮಾತೂ ಸರಳ. ಮೂರನೇ ಕ್ಲಾಸಿನವಳು ಯಾರನ್ನೂ ಕೇಳದೆ ತಾನೇ ಓದಿಕೊಂಡಳು, ಚಿಕ್ಕವನಿಗೂ ಓದಿ ಹೇಳಿದಳು. ಸುಪ್ಪಾಂಡಿಗಾದರೆ ಪಕ್ಕದಲ್ಲಿ ನಾನೇ ಕೂತು ಕನ್ನಡ ಮಾಡಿ ಹೇಳಬೇಕು. ಒಲೆ ಮೇಲೆ ಒಗ್ಗರಣೆ ಇಟ್ಟಾಗ 'ಚಿಗವ್ವಾ, ಮುಂದೇನಾತು?' ಅಂತ ಕೂಗಿದರೆ ಏನು ಮಾಡಲಿ? ಅಂಥ ಹೊತ್ತಲ್ಲಿ ನನಗೆ ಚೀಕುವೇ ಗತಿ.